‘ಜಾಗರಿ ವಿಲ್ ಗೆಟ್ ಹಿಯರ್’ ಅಂದರೆ ತಪ್ಪೇನು?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಮಂಡ್ಯದ ಹತ್ತಿರ ಹೆದ್ದಾರಿ ಪಕ್ಕ ನಮ್ಮದೊಂದು ಬೆಲ್ಲದ ಅಂಗಡಿ ಇದೆ. ಮೊನ್ನೆ ಹೊರರಾಜ್ಯದವರೊಬ್ಬರು ಕಾರಿನಲ್ಲಿ ಕೂತೇ ಬೆಲ್ಲ ಇದೆಯಾ ಅಂತ ಇಂಗ್ಲಿಷ್‌ನಲ್ಲಿ ಕೇಳಿದರು. ‘ಇಲ್ಲಿ ಬೆಲ್ಲ ಸಿಗುತ್ತೆ’ ಅನ್ನೋಕೆ ‘ಜಾಗರಿ ವಿಲ್ ಗೆಟ್ ಹಿಯರ್’ ಅಂದೆ. ಅವರು ‘ವೆನ್?’ ಅಂದರು. ಒಳಗೆ ಅಚ್ಚು ಬೆಲ್ಲ ಬುಟ್ಟಿ ತುಂಬಾ ಇತ್ತು! ಗೆಟ್ ಅಂದರೆ ಸಿಗು ಅಂತ ಅಲ್ವಾ?

ಉತ್ತರ (ಇಂಗ್ಲಿಷ್ ಮೇಷ್ಟ್ರು, ಮೈಸೂರು): ನಮಸ್ಕಾರ ಅಮ್ಮ. ಈ ತಪ್ಪನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷ ನೋಡುತ್ತೇನೆ. ಕನ್ನಡದಲ್ಲಿ ಸಿಗೋದು ಬೆಲ್ಲ. ‘ನನಗೆ ಬೆಲ್ಲ ಸಿಕ್ಕಿತು’ ಅನ್ನುತ್ತೇವೆ, ನಾವು ‘ನನಗೆ’ ಆಗಿ ಪಕ್ಕಕ್ಕೆ ನಿಲ್ಲುತ್ತೇವೆ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಅಲ್ಲಿ ಮನುಷ್ಯರು ಬೆಲ್ಲವನ್ನು ಪಡೆಯುತ್ತಾರೆ: ‘ಐ ಗಾಟ್ ಜಾಗರಿ’. ಹಾಗಾಗಿ ನೀವು ‘ಯು ಗೆಟ್ ಜಾಗರಿ ಹಿಯರ್’ ಅನ್ನಬೇಕಿತ್ತು. ನನ್ನ ಕೇಳಿದರೆ ‘ವಿ ಹ್ಯಾವ್ ಜಾಗರಿ’ ಅನ್ನೋದೇ ಅಂಗಡಿಯವರಿಗೆ ಚೆಂದ.

ಅವರು ‘ಯಾವಾಗ’ ಅಂತ ಕೇಳಿದ್ದಕ್ಕೂ ಕಾರಣ ಇದೆ. ಗೆಟ್ ಆದಮೇಲೆ ನೇರವಾಗಿ ಜಾಗದ ಮಾತು ಬಂದರೆ ‘ತಲುಪು’ ಅಂತ ಅರ್ಥ. ‘ವಿ ಗಾಟ್ ಹೋಮ್ ಅಟ್ ನೈನ್’ ಅಂದರೆ ಒಂಬತ್ತಕ್ಕೆ ಮನೆ ಸೇರಿದೆವು. ನಿಮ್ಮ ಮಾತು ಅವರಿಗೆ ‘ಬೆಲ್ಲ ಇಲ್ಲಿಗೆ ಬರುತ್ತೆ’ ಅಂತ ಕೇಳಿಸಿದೆ. ಆಲೆಮನೆಯಿಂದ ಇನ್ನೂ ಬಂದಿಲ್ಲ ಅಂದುಕೊಂಡಿರಬೇಕು, ಪಾಪ.

ಅದೇ ಗೆಟ್ ಕೆಲವು ಕಡೆ ನಮ್ಮ ‘ಆಗು’ ಕೂಡ ಆಗುತ್ತದೆ. ‘ಇಟ್ಸ್ ಗೆಟ್ಟಿಂಗ್ ಲೇಟ್’, ಹೊತ್ತಾಗುತ್ತಿದೆ.

ಪ್ರಶ್ನೆ: ಈಗ ಗೊತ್ತಾಯಿತು ಮೇಷ್ಟ್ರೇ. ಇನ್ನೊಂದು ಕೇಳಲಾ? ಬಸ್ ಇಳಿಯೋದಕ್ಕೆ ‘ಗೆಟ್ ಡೌನ್’ ಅಂದರೂ ತಪ್ಪಾ? ಎಲ್ಲರೂ ಹಾಗೇ ಅಂತಾರೆ.

ಉತ್ತರ: ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತೆ, ಸುಮ್ನೆ ಸಂಕೋಚ ಬೇಡ. ಹೊರದೇಶದವರು ಬಸ್ಸು, ರೈಲಿಗೆ ‘ಗೆಟ್ ಆಫ್’ ಅನ್ನುತ್ತಾರೆ. ಕಾರು, ಆಟೋಗೆ ‘ಗೆಟ್ ಔಟ್ ಆಫ್’. ಎದ್ದು ಓಡಾಡುವಷ್ಟು ಜಾಗ ಇರುವ ಗಾಡಿಗೆ ಆಫ್, ಬಗ್ಗಿ ಒಳಗೆ ಕೂರುವುದಕ್ಕೆ ಔಟ್ ಅಂತ ನೆನಪಿಟ್ಟುಕೊಳ್ಳಿ. ಬೈಕಿನ ಮೇಲೆ ಕೂರುತ್ತೇವಲ್ಲ, ಅದಕ್ಕೂ ಆಫ್.

ಒಂದು ವಿಷಯದಲ್ಲಿ ಮಾತ್ರ ಹುಷಾರು. ಕಾರಿನಲ್ಲಿ ಕೂತ ಗಿರಾಕಿಯನ್ನು ಇಳಿದು ಬನ್ನಿ ಅನ್ನೋಕೆ ಬರೀ ‘ಗೆಟ್ ಔಟ್’ ಅನ್ನಬೇಡಿ. ಆಚೆಗೆ ನಡಿ ಅಂತ ಗದರಿದ ಹಾಗಾಗುತ್ತೆ. ‘ಪ್ಲೀಸ್ ಕಮ್ ಇನ್’ ಅನ್ನಿ, ಬುಟ್ಟಿ ಅವರೇ ನೋಡುತ್ತಾರೆ.