ಜಿನೀವಾ ಫಾರ್ವರ್ಡು

*ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂ, ಹಳೇ ದೋಸ್ತಿಗಳು*

ಬಾಯಾರು ದುಬೈ: [ಫಾರ್ವರ್ಡ್] ಬ್ರೇಕಿಂಗ್!! ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಲಯಾಳ ಹೇರಿಕೆ ನಿಲ್ಲಿಸಲು ವಿಶ್ವಸಂಸ್ಥೆ ಆದೇಶ! ಎಲ್ಲ ಗುಂಪಿಗೂ ಕಳಿಸಿ 🙏

ಬಾಯಾರು ದುಬೈ: ಅಂತೂ ನಮ್ಮ ಕೂಗು ಜಿನೀವಾಕ್ಕೆ ಮುಟ್ಟಿತು!

ಪೆರ್ಲ: ಆದೇಶದ ಪ್ರತಿ ಎಲ್ಲುಂಟು ಮಾರಾಯ?

ಮಂಜೇಶ್ವರ ವಕೀಲ್ತಿ: ಅಂಥ ಆದೇಶ ಇರ್ಲಿಕ್ಕೇ ಸಾಧ್ಯ ಇಲ್ಲ. 2024ರ ಜುಲೈಯಲ್ಲಿ ಅಲ್ಲಿನ ಮಾನವ ಹಕ್ಕು ಸಮಿತಿ ಭಾರತದ ವರದಿ ಪರಿಶೀಲಿಸಿದ್ದು ಹೌದು. ಅದರ ಹಿಂದಿನದ್ದು 1997ರಲ್ಲಿ. ಸಮಿತಿ ಕೊಡುದು ಶಿಫಾರಸು. ನಾವೇ ದೂರು ಕೊಡುವ ಅಂದ್ರೆ ಅದಕ್ಕೆ ಪ್ರೊಟೊಕಾಲ್ ಅಂತ ಒಂದು ಪ್ರತ್ಯೇಕ ಒಪ್ಪಂದ ಉಂಟು, ಭಾರತ ಅದಕ್ಕೆ ಸೇರಿಲ್ಲ.

ಕುಂಬ್ಳೆ: ಮತ್ತೆ ಒಪ್ಪಂದ ಮಾಡಿದ್ದು ಫೋಟೋಕ್ಕಾ?

ವಕೀಲ್ತಿ: ಕೆಲವು ಹಾಗೇ. ಚಿತ್ರಹಿಂಸೆ ತಡೆ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿ ಇವತ್ತಿಗೂ ಅನುಮೋದನೆ ಇಲ್ಲ. ನಮ್ಮ ಶಾಲೆ ವಿಷಯಕ್ಕೆ ಬರುದು ಭಾರತ 1979ರಲ್ಲೇ ಒಪ್ಪಿದ ನಾಗರಿಕ ಹಕ್ಕುಗಳ ಒಡಂಬಡಿಕೆ, ಅದರ 27ನೇ ವಿಧಿ. ಆ ಸಮಿತಿ ನೋಡುದು ಇದನ್ನೇ. ಅಲ್ಪಸಂಖ್ಯಾತರು ತಮ್ಮವರ ಜತೆ ತಮ್ಮ ಭಾಷೆ ಬಳಸುದನ್ನು ತಡೀಬಾರದು ಅಂತ. ಆದ್ರೆ ಒಡಂಬಡಿಕೆ ತಾನಾಗಿ ಕಾನೂನಾಗುದಿಲ್ಲ. ಕೋರ್ಟಲ್ಲಿ ನಾನು ಮೊದಲು ಹಿಡಿಯುದು ಸಂವಿಧಾನದ 29, 30, 350ಎ ವಿಧಿ, ಅಲ್ಪಸಂಖ್ಯಾತರ ಭಾಷೆ, ಶಾಲೆ, ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ್ದು.

ಅಡ್ಮಿನ್: ರಾಜಕೀಯ ಬೇಡ.

ಪೆರ್ಲ: ನಾವು ಕಲಿತ ಶಾಲೆಯ ವಿಷಯ ಎಂತ ರಾಜಕೀಯ? ಕನ್ನಡ ಬಾರದ ಮಾಷ್ಟ್ರು ಕನ್ನಡ ಮಕ್ಕಳಿಗೆ ಗಣಿತ ಹೇಳಿಕೊಡುದು ಹೇಗೆ?

ಬಾಯಾರು ದುಬೈ: ಒಟ್ಟಿನಲ್ಲಿ ಜಿನೀವಾದಿಂದ ನಮಗೆ ಮೂರು ಕಾಸಿನ ಪ್ರಯೋಜನ ಇಲ್ಲ.

ಎಣ್ಮಕಜೆ: ಇಲ್ವಾ? ಎಂಡೋಸಲ್ಫಾನ್ ಕೀಟನಾಶಕ ಜಾಗತಿಕ ನಿಷೇಧದ ಪಟ್ಟಿಗೆ ಸೇರಿದ್ದು 2011ರ ಏಪ್ರಿಲಲ್ಲಿ, ಅದೇ ಜಿನೀವಾದಲ್ಲಿ. ನಮ್ಮ ಕೇಂದ್ರ ಸರಕಾರವೇ ಬೇಡ ಅಂತ ಹಟ ಹಿಡಿದಿತ್ತು, ಕಡೆಗೆ ವಿನಾಯಿತಿ ಕೇಳಿ ಒಪ್ಪಿತು. ಗೇರು ತೋಟಕ್ಕೆ ಅಂತ ಹೆಲಿಕಾಪ್ಟರು ವಿಷ ಸುರಿದದ್ದು ನಮ್ಮ ಬಾವಿಗೆ, ನಿನ್ನ ದುಬೈಗಲ್ಲ.

ಪೆರ್ಲ: ಅದು ಸ್ಟಾಕ್‌ಹೋಮ್ ಒಪ್ಪಂದ, ರಾಸಾಯನಿಕದ್ದು. ಮಾನವ ಹಕ್ಕಿನದ್ದಲ್ಲ.

ಎಣ್ಮಕಜೆ: ಏಳ್ಲಿಕ್ಕಾಗದ ಮಗುವಿನ ತಾಯಿ ಹತ್ರ ಹೋಗಿ ಆ ವ್ಯತ್ಯಾಸ ಹೇಳು. ಪರಿಹಾರದ ಕಥೆ ಗೊತ್ತುಂಟಲ್ಲ? ಎಂಡೋಸಲ್ಫಾನ್ ಪೀಡಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇಯಲ್ಲಿ ಅದೇ ಕೋರ್ಟು ಕೇಳುವಾಗ 3,704 ಜನರಲ್ಲಿ ಸಿಕ್ಕಿದ್ದು 8 ಜನಕ್ಕೆ. ಪುನಃ ಕೋರ್ಟಿಗೆ ಹೋದವರು ಆ 8 ಜನ ಮಾತ್ರ.

ಕುಂಬ್ಳೆ: 😡

ವಕೀಲ್ತಿ: ನಾನು ಹೇಳುದೂ ಅದೇ. ಫಾರ್ವರ್ಡ್ ಮಾಡಿದ್ರೆ ಯಾರೂ ಬರುದಿಲ್ಲ. ಯಾವ ಶಾಲೆ, ಯಾವ ಹುದ್ದೆ, ಕನ್ನಡ ಬಾರದವರ ನೇಮಕ ಯಾವಾಗ ಆಯ್ತು, ಪಟ್ಟಿ ಮಾಡಿ ಕೊಡಿ. ಒಂದು ಪ್ರತಿ ಇಲಾಖೆಗೆ, ಒಂದು ಭಾಷಾ ಅಲ್ಪಸಂಖ್ಯಾತರ ಕಮಿಷನರಿಗೆ. 27ನೇ ವಿಧಿಯನ್ನು ಕೊನೇ ಪ್ಯಾರಾದಲ್ಲಿ ನಾನು ಸೇರಿಸ್ತೇನೆ, ಭಾರಕ್ಕೆ.

ಪೆರ್ಲ: ನಮ್ಮ ಪಂಚಾಯತಿನದ್ದು ನಾನು ಮಾಡ್ತೇನೆ. ಇಲಾಖೆಗೆ ಇಂಗ್ಲಿಷಲ್ಲಾ?

ವಕೀಲ್ತಿ: ಕನ್ನಡದಲ್ಲೇ ಬರಿ. ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೀಬಹುದು ಅಂತ ಕೇರಳದ 1969ರ ಭಾಷಾ ಕಾನೂನಲ್ಲೇ ಉಂಟು.

ಬಾಯಾರು ದುಬೈ: ಉತ್ತರ ಮಲಯಾಳದಲ್ಲಿ ಬಂದ್ರೆ?

ವಕೀಲ್ತಿ: ಬರ್ಲಿ. ಅದನ್ನೂ ಫೈಲಿಗೆ ಹಾಕುವ.