ಹೋಂ ಥಿಯೇಟರ್ ರೂಮಿಗೆ ಹಳೇ ಪ್ಲಾಸ್ಮಾನಾ, ಹೊಸ ಎಲ್‌ಸಿಡಿನಾ?

ಪ್ರಶ್ನೆ: ಸರ್ ನಮಸ್ಕಾರ. ಮೈಸೂರಲ್ಲಿ ನಮ್ಮನೆ ಮಹಡಿ ಮೇಲಿನ ರೂಮನ್ನ ಹೋಂ ಥಿಯೇಟರ್ ಮಾಡೋಣ ಅಂತಿದೀವಿ, 12ಕ್ಕೆ 14 ಅಡಿ ಇದೆ, ಒಂದೇ ಕಿಟಕಿ, ಅದಕ್ಕೂ ದಪ್ಪ ಕರ್ಟನ್ ಹಾಕ್ಸಿ ಆಗಿದೆ. ಸೋಫಾದಿಂದ ಗೋಡೆಗೆ 9 ಅಡಿ. 5.1 ಸ್ಪೀಕರ್, ರಿಸೀವರ್ ಎಲ್ಲಾ ಇದೆ, ಟಿವಿ ಒಂದೇ ಬಾಕಿ. ಈಗ ನಮ್ಮ ಭಾವ ಪುಣೆಗೆ ಮನೆ ಶಿಫ್ಟ್ ಮಾಡ್ತಿದಾರೆ, ಅವರ ಹತ್ರ 2012ರಲ್ಲಿ ತಗೊಂಡ 50 ಇಂಚಿನ ಫುಲ್ ಎಚ್‌ಡಿ ಪ್ಲಾಸ್ಮಾ ಇದೆ, 12 ಸಾವಿರ ಕೊಟ್ಟು ತಗೊಂಡೋಗು ಅಂತಿದಾರೆ. ರಾತ್ರಿ ಲೈಟ್ ಆಫ್ ಮಾಡಿ ಒಂದು ಸಿನಿಮಾ ನೋಡಿದ್ವಿ, ಕತ್ತಲೆ ಸೀನುಗಳು ನಮ್ಮ ಹಾಲಲ್ಲಿರೋ ಎಲ್‌ಇಡಿಗಿಂತ ಎಷ್ಟೋ ಚೆನ್ನಾಗಿದ್ವು. ಶೋರೂಮಲ್ಲಿ ಕೇಳಿದ್ರೆ ಪ್ಲಾಸ್ಮಾ ಹೆಸರೇ ಎತ್ತಬೇಡಿ, 4ಕೆ ತಗೊಳ್ಳಿ ಅಂತಾರೆ. ಏನ್ ಮಾಡ್ಲಿ?

ಉತ್ತರ: ನಮಸ್ಕಾರ. ನಿಮ್ಮ ಕಣ್ಣಿಗೆ ಕಂಡಿದ್ದು ನಿಜಾನೇ. ಪ್ಲಾಸ್ಮಾದಲ್ಲಿ ಒಂದೊಂದು ಚುಕ್ಕಿನೂ ಒಂದೊಂದು ಪುಟ್ಟ ಗೂಡು, ಒಳಗೆ ನಿಯಾನ್, ಕ್ಸೆನಾನ್ ಗ್ಯಾಸ್ ಇರುತ್ತೆ, ಕರೆಂಟ್ ಹರಿದಾಗ ಅದು ತಾನೇ ಬೆಳಗುತ್ತೆ, ಕಪ್ಪು ಬೇಕಾದ ಕಡೆ ಹೆಚ್ಚುಕಮ್ಮಿ ಆರಿಹೋಗುತ್ತೆ. ಎಲ್‌ಸಿಡಿಲಿ ಹಂಗಲ್ಲ, ಹಿಂದುಗಡೆ ಬ್ಯಾಕ್‌ಲೈಟ್ ಉರೀತಾನೇ ಇರುತ್ತೆ, ಮುಂದಿನ ಪ್ಯಾನೆಲ್ ಅದನ್ನ ತಡೀಬೇಕು, ಪೂರ್ತಿ ತಡೆಯೋಕೆ ಅದಕ್ಕೆ ಆಗಲ್ಲ, ಅದಕ್ಕೇ ರಾತ್ರಿ ಸೀನಲ್ಲಿ ಕಪ್ಪು ಅನ್ನೋದು ಬೂದಿ ಬಣ್ಣ ಆಗಿ ಕಾಣೋದು. ಇನ್ನೊಂದು, ಈಗ ಅಂಗಡೀಲಿ ಎಲ್‌ಇಡಿ, ಕ್ಯೂಎಲ್‌ಇಡಿ ಅಂತ ಮಾರೋದೆಲ್ಲ ಎಲ್‌ಸಿಡಿನೇ, ಬ್ಯಾಕ್‌ಲೈಟ್ ಮಾತ್ರ ಬೇರೆ. ಶೋರೂಮಿನ ಟ್ಯೂಬ್‌ಲೈಟ್ ಬೆಳಕಲ್ಲಿ ಪ್ಲಾಸ್ಮಾ ಯಾವಾಗ್ಲೂ ಮಂಕಾಗೇ ಕಾಣ್ತಿತ್ತು, ಒಳ್ಳೇ ಟಿವಿ ಅದರಿಂದಾನೇ ಸೋತಿದ್ದು ಅಂತ ನಂಗೆ ಈಗ್ಲೂ ಬೇಜಾರಿದೆ.

ಆದ್ರೂ 12 ಸಾವಿರ ಕೊಟ್ಟು ತಗೋಬೇಡಿ. ಪ್ಯಾನಸಾನಿಕ್ 2013ರ ಕೊನೇಲಿ ಪ್ಲಾಸ್ಮಾ ಮಾಡೋದು ನಿಲ್ಲಿಸ್ತು, ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ. ಆಮೇಲೆ ಮನೆ ಟಿವಿಗೆ ಸ್ಪೇರ್ ಪಾರ್ಟೂ ನಿಂತೋಯ್ತು ಅಂತಾನೇ ಲೆಕ್ಕ. ಪರದೆಯ ಗೂಡುಗಳಿಗೆ ಕರೆಂಟ್ ಕೊಡೋ ವೈ-ಸಸ್ ಬೋರ್ಡೋ ಪವರ್ ಸಪ್ಲೈನೋ ಹೋದ್ರೆ ನಾವು ರಿಪೇರಿಯವರು ಗುಜರಿಗೆ ಬಂದ ಸೆಟ್‌ಗಳಿಂದ ಕಿತ್ತು ಹಾಕ್ಬೇಕು, ಅದೂ ಅದೇ ಮಾಡೆಲ್ ಸಿಕ್ರೆ. ಸಿಕ್ಕ ಬೋರ್ಡಿಗೂ ಅಷ್ಟೇ ವಯಸ್ಸಾಗಿರುತ್ತೆ, ನಾನು ಗ್ಯಾರಂಟಿ ಹೇಗೆ ಕೊಡ್ಲಿ? ಜೊತೆಗೆ ಅದರಲ್ಲಿ 4ಕೆ ಇಲ್ಲ, ಬೆಳಕು-ಕತ್ತಲೆ ಎರಡನ್ನೂ ಇನ್ನೂ ಚೆನ್ನಾಗಿ ತೋರಿಸೋ ಎಚ್‌ಡಿಆರ್ ಇಲ್ಲ.

ಹೊಸದು ತಗೊಳ್ಳೋದಾದ್ರೆ ನಿಮ್ಮ ಕತ್ತಲೆ ರೂಮಿಗೆ ವಿಎ ಪ್ಯಾನೆಲ್ ಇರೋದನ್ನೇ ಹುಡುಕಿ, ಎಲ್‌ಸಿಡಿ ಪರದೆಲಿ ವಿಎ, ಐಪಿಎಸ್ ಅಂತ ಎರಡು ಮುಖ್ಯ ಬಗೆ. ಐಪಿಎಸ್ ಪ್ಯಾನೆಲ್ ಕಾಂಟ್ರಾಸ್ಟ್, ಅಂದ್ರೆ ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅಂತರ, ಸುಮಾರು 1000ಕ್ಕೆ 1 ಇರುತ್ತೆ, ವಿಎದು 3000ದಿಂದ 5000, ಈ ವ್ಯತ್ಯಾಸ ಹಗಲು ಗೊತ್ತಾಗಲ್ಲ ರಾತ್ರಿ ಎದ್ದು ಕಾಣುತ್ತೆ. ಬ್ಯಾಕ್‌ಲೈಟನ್ನ ಭಾಗ ಭಾಗವಾಗಿ ಆರಿಸೋ ಫುಲ್ ಅರೇ ಲೋಕಲ್ ಡಿಮ್ಮಿಂಗ್ ಇದ್ರೆ ಇನ್ನೂ ಒಳ್ಳೇದು, ಬಜೆಟ್ ಇದ್ರೆ ಪುಟ್ಟ ಪುಟ್ಟ ಎಲ್‌ಇಡಿಗಳ ಬ್ಯಾಕ್‌ಲೈಟ್ ಇರೋ ಮಿನಿ ಎಲ್‌ಇಡಿ. ಒಂದೇ ಮಾಡೆಲ್‌ನಲ್ಲೂ ಸೈಜ್ ಬದಲಾದ್ರೆ ಪ್ಯಾನೆಲ್ ಬದಲಾಗುತ್ತೆ, ಸೇಲ್ಸ್‌ನವರಿಗೇ ಎಷ್ಟೋ ಸಲ ಗೊತ್ತಿರಲ್ಲ, ಅದಕ್ಕೆ ಪೆನ್‌ಡ್ರೈವ್‌ನಲ್ಲಿ ನೀವೇ ಒಂದು ಕತ್ತಲೆ ಸೀನ್ ಹಾಕ್ಕೊಂಡು ಹೋಗಿ, ಪಿಕ್ಚರ್ ಮೋಡ್ ವಿವಿಡ್‌ನಿಂದ ಸಿನಿಮಾಗೆ ತಿರುಗಿಸ್ಸಿ, ಆ ಮೂಲೆ ಲೈಟ್ ಒಂದ್ನಿಮಿಷ ಆರಿಸಿ ಅಂತ ಕೇಳಿ. ನಾಲ್ಕು ಮೂಲೇಲೂ ಬಿಳಿಚಿಕೊಂಡಿದ್ರೆ ಬಿಟ್ಬಿಡಿ. ವಿಎಗೆ ಒಂದು ಕೊರತೆ ಇದೆ, ತೀರಾ ಪಕ್ಕದಲ್ಲಿ ಕೂತ್ರೆ ಬಣ್ಣ ಪೇಲವ ಆಗುತ್ತೆ, ಸೋಫಾ ನೇರ ಇಡಿ. 9 ಅಡಿಗೆ 65 ಇಂಚು ಸರಿಹೋಗುತ್ತೆ, 55 ಹಾಕಿದ್ರೆ ಸಿನಿಮಾಗೆ ಸ್ವಲ್ಪ ಚಿಕ್ಕದೇ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಹಳೇ ರೇಟ್ ಹೇಳಿದ್ರೆ ಬಿಲ್ ನೋಡಿ ಕೇಳಿ.

ಪ್ರಶ್ನೆ: ಥ್ಯಾಂಕ್ಸ್ ಸರ್. ಭಾವ ಈಗ ದುಡ್ಡೇ ಬೇಡ ತಗೊಂಡೋಗು ಅಂತಿದಾರೆ. ಕರೆಂಟ್ ಬಿಲ್ ಜಾಸ್ತಿ ಬರುತ್ತಾ? ನಮಗೆ ಗೃಹಜ್ಯೋತಿ ಇದೆ.

ಉತ್ತರ: ಸುಮ್ನೆ ಕೊಟ್ರೆ ಧಾರಾಳವಾಗಿ ತಗೊಳ್ಳಿ, ಅದು ನಡೆಯೋವರೆಗೂ ರಾತ್ರಿ ಸಿನಿಮಾಗೆ ಅಂತ ಇಟ್ಕೊಳ್ಳಿ, ಹೊಸದನ್ನ ನಿಧಾನಕ್ಕೆ ನೋಡಬಹುದು. ಕರೆಂಟ್ ಲೆಕ್ಕ ಹೀಗೆ: ಪ್ಲಾಸ್ಮಾ ಸುಮಾರು 250 ವ್ಯಾಟ್ ಅಂತಿಟ್ಕೊಳ್ಳಿ, ದಿನಕ್ಕೆ 4 ಗಂಟೆ ಹಾಕಿದ್ರೆ ಒಂದು ಯೂನಿಟ್, ತಿಂಗಳಿಗೆ 30. ಅಷ್ಟೇ ಹೊತ್ತಿಗೆ 55 ಇಂಚಿನ ಎಲ್‌ಇಡಿ 12ರಿಂದ 15 ಯೂನಿಟ್ ಎಳೆಯುತ್ತೆ. ಗೃಹಜ್ಯೋತಿಲಿ ಸಾಮಾನ್ಯವಾಗಿ ನಿಮ್ಮ ಹಳೇ ಸರಾಸರಿ, ಅದರ ಮೇಲೆ ಇನ್ನು ಶೇ 10, ಅಷ್ಟರವರೆಗೆ ಮಾತ್ರ ಫ್ರೀ, ಅದು ದಾಟಿದ್ದಕ್ಕೆ ಕಟ್ಟಬೇಕು, 200 ದಾಟಿದ್ರೆ ಪೂರ್ತಿ ಬಿಲ್, ನೀವು ಅಂಚಲ್ಲಿದ್ರೆ ಹುಷಾರು. ಸಾಗಿಸುವಾಗ ನಿಲ್ಲಿಸಿಕೊಂಡೇ ತನ್ನಿ, ಆಟೋಲಿ ಮಲಗಿಸಿ ತಂದ್ರೆ ಒಳಗಿನ ಗಾಜು ಬಿರುಕು ಬಿಡಬಹುದು, ಆಮೇಲೆ ಯಾರ ಕೈಲೂ ರಿಪೇರಿ ಆಗಲ್ಲ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಮ್ದು ಮಂಗಳೂರು, ಹಾಲಲ್ಲಿ ದೊಡ್ಡ ಕಿಟಕಿಗಳು, ಅಪ್ಪ ಬೆಳಗ್ಗಿಂದ ರಾತ್ರಿವರೆಗೂ ನ್ಯೂಸ್ ಚಾನೆಲ್ಲೇ ನೋಡೋದು. ನಮಗೂ ಒಬ್ರು ಸೆಕೆಂಡ್ ಹ್ಯಾಂಡ್ ಪ್ಲಾಸ್ಮಾ ಕೊಡ್ತೀವಿ ಅಂತಿದಾರೆ.

ಉತ್ತರ: ನಿಮಗೆ ಬೇಡವೇ ಬೇಡ. ಕಿಟಕಿ ಎದುರು ಅದರ ಗಾಜು ಕನ್ನಡಿ ಥರ ಹೊಳೆಯುತ್ತೆ, ಮತ್ತೆ ನ್ಯೂಸ್ ಚಾನೆಲ್‌ನ ಕೆಳಗಿನ ಕೆಂಪು ಪಟ್ಟಿ, ಮೂಲೆ ಲೋಗೋ ದಿನವಿಡೀ ಒಂದೇ ಜಾಗದಲ್ಲಿದ್ರೆ ಅಚ್ಚು ಬಿದ್ದುಬಿಡುತ್ತೆ, ಚಾನೆಲ್ ಬದಲಿಸಿದ್ರೂ ಕಾಣುತ್ತೆ. ಒಂದೊಂದು ಚುಕ್ಕಿನೂ ತಾನೇ ಬೆಳಗೋ ಓಎಲ್‌ಇಡಿ ಟಿವಿಗೂ ಈ ತೊಂದರೆ ಇದೆ. ಸಾಮಾನ್ಯ ಎಲ್‌ಇಡಿನೇ ತಗೊಳ್ಳಿ, ಹಾಲಲ್ಲಿ ಎಲ್ಲಾ ಕಡೆ ಕೂತು ನೋಡೋರಿದ್ರೆ ನಿಮಗೆ ಐಪಿಎಸ್ ಆದ್ರೂ ಪರವಾಗಿಲ್ಲ.

ಮತ್ತೊಬ್ಬರ ಪ್ರಶ್ನೆ: ಸರ್ ನಮ್ಮನೇ ಪ್ಲಾಸ್ಮಾ ಆನ್ ಮಾಡಿದ್ರೆ ಟಕ್ ಅಂತ ಸೌಂಡ್ ಬಂದು ಆಫ್ ಆಗುತ್ತೆ, ಕೆಂಪು ಲೈಟ್ ಮಿಣುಕ್ತಿರುತ್ತೆ. ಬಿಚ್ಚಿ ನೋಡ್ಲಾ?

ಉತ್ತರ: ದಯವಿಟ್ಟು ಬಿಚ್ಚಬೇಡಿ. ಒಳಗೆ 200 ವೋಲ್ಟ್, ಕೆಲವು ಕಡೆ ಅದಕ್ಕೂ ಜಾಸ್ತಿ ಇರುತ್ತೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳು ಹಿಡಿದಿಟ್ಕೊಂಡಿರ್ತವೆ, ಹೊಡೆದ್ರೆ ಕಷ್ಟ. ಲೈಟ್ ಎಷ್ಟು ಸಲ ಮಿಣುಕಿ ಗ್ಯಾಪ್ ಕೊಡುತ್ತೆ ಅಂತ ಎಣಿಸಿ, ಯಾವ ಕಡೆ ಫಾಲ್ಟ್ ಅನ್ನೋದು ಆ ಎಣಿಕೆಲೇ ಅಂದಾಜಾಗುತ್ತೆ. ಅದರ ಜೊತೆ ಹಿಂದುಗಡೆ ಸ್ಟಿಕ್ಕರಲ್ಲಿರೋ ಮಾಡೆಲ್ ನಂಬರ್ ಪೂರ್ತಿ ಇಲ್ಲಿ ಬರೀರಿ, ಬೋರ್ಡ್ ಸಿಗೋ ಚಾನ್ಸ್ ಇದ್ಯಾ ನೋಡಿ ಹೇಳ್ತೀನಿ.