ಟ್ರೋಫಿಕ್ ಲೆವೆಲ್‌ಗೆ ಕನ್ನಡದಲ್ಲಿ ಏನಂತೀರಿ? (ಬೋರ್ಡು ಪ್ರಿಂಟಿಗೆ ಹೋಗ್ತಿದೆ, ಸ್ವಲ್ಪ ಬೇಗ)

ಎಲ್ರಿಗೂ ನಮಸ್ಕಾರ. ಕೊಕ್ಕರೆ ಬೆಳ್ಳೂರು ನೋಡೋಕೆ ಬರೋ ಸ್ಕೂಲ್ ಮಕ್ಕಳಿಗೆ ಅಂತ ಒಂದು ಬೋರ್ಡು ಮಾಡ್ತಿದ್ದೀವಿ, ಸುತ್ತಮುತ್ತಲ ಕೆರೆಗಳ ಪಾಚಿಯಿಂದ ಹಿಡಿದು ಹುಣಸೇಮರದ ಮೇಲಿನ ಹೆಜ್ಜಾರ್ಲೆ (ಪೆಲಿಕನ್) ತನಕ ಶಕ್ತಿ ಹೆಂಗೆ ಹೋಗುತ್ತೆ ಅನ್ನೋದು. ಚಿತ್ರ ರೆಡಿ ಇದೆ. ಕೆಳಗೆ ಪಾಚಿ, ಅದರ ಮೇಲೆ ಪಾಚಿ ತಿನ್ನೋ ಸಣ್ಣ ಸಣ್ಣ ನೀರುಹುಳ, ಆಮೇಲೆ ಚಿಕ್ಕ ಮೀನು, ದೊಡ್ಡ ಮೀನು, ತುದೀಲಿ ಹಕ್ಕಿ. ಪಕ್ಕದಲ್ಲಿ ಟ್ರೋಫಿಕ್ ಲೆವೆಲ್ 1, 2, 3 ಅಂತ ಬರಬೇಕು, ಅಂದ್ರೆ ಒಂದನ್ನೊಂದು ತಿನ್ನೋ ಸಾಲಲ್ಲಿ ಎಷ್ಟನೇ ಹಂತ ಅನ್ನೋದು. ಪಠ್ಯಪುಸ್ತಕದ 'ಪೋಷಣಾ ಸ್ತರ' ಹಾಕಿ ಊರಿನವರೊಬ್ಬರಿಗೆ ತೋರಿಸಿದ್ರೆ "ಇದು ಅಂಗನವಾಡಿದಾ ಮೇಡಂ" ಅಂತ ಕೇಳಿದ್ರು. ಮೇಲಿನ ಹೆಡ್ಡಿಂಗು 'ಕೆರೆಯ ಶಕ್ತಿ ಚಕ್ರ' ಅಂತ ಇಟ್ಟಿದ್ದೀನಿ. 'ವಿಘಟಕರು' (ಸತ್ತದ್ದನ್ನ ಕೊಳೆಸೋ ಜೀವಿಗಳು) ಅನ್ನೋದಕ್ಕೂ ಬಾಯಿಗೆ ಬರೋ ಅಂಥದ್ದು ಏನಾದ್ರೂ ಇದ್ರೆ ಹೇಳಿ. ಗುರುವಾರ ಫ್ಲೆಕ್ಸ್ ಅಂಗಡಿಗೆ ಫೈಲ್ ಕೊಡಬೇಕು.

ಮೈಸೂರಿನಿಂದ:

ಪೋಷಣಾ ಸ್ತರ. ಹತ್ತನೇ ತರಗತಿ ಮಕ್ಕಳು ಓದೋದು ಅದನ್ನೇ, ಬರೆಯೋದು ಅದನ್ನೇ. ಗ್ರೀಕಿನ ಟ್ರೋಫೆ ಅಂದ್ರೂ ಪೋಷಣೆಯೇ, ಸಂಸ್ಕೃತದ ಪುಷ್ ಧಾತುವಿನ ಅರ್ಥವೂ ಅದೇ, ಇಷ್ಟು ಚೆನ್ನಾಗಿ ಕೂರೋ ಪದ ಸಿಕ್ಕಿರುವಾಗ ಇನ್ನೊಂದು ಹುಡುಕೋ ಚಪಲ ಯಾಕೋ ಗೊತ್ತಿಲ್ಲ. ಅಂಗನವಾಡಿ ನೆನಪಾದರೆ ಆಗಲಿ ಬಿಡಿ.

ಬೆಂಗಳೂರಿನಿಂದ:

ಪೋಶಣಾ ಸ್ತರ ಕನ್ನಡವೇ ಅಲ್ಲ, ಸಂಸ್ಕ್ರುತದ ಎರಡು ಪದಗಳನ್ನು ಅಂಟಿಸಿಟ್ಟಿದ್ದು ಅಶ್ಟೆ. ಊರಿನವರಿಗೆ ತಿಳಿಯದೇ ಇದ್ದದ್ದು ಅವರ ತಪ್ಪಲ್ಲ. ಉಣ್ ಅನ್ನೋ ಬೇರಿನಿಂದ ಉಣಿಸು ಇದೆ, 'ಉಣಿಸಿನ ಮೆಟ್ಟಿಲು' ಅನ್ನಿ. ಆಹಾರ ಸರಪಳಿಗೆ 'ಉಣಿಸಿನ ಸರಪಣಿ'. ಶಕ್ತಿಗೆ 'ಕಸುವು' ಇದ್ದೇ ಇದೆ. ಹೆಡ್ಡಿಂಗು 'ಕೆರೆಯ ಕಸುವಿನ ಸುತ್ತು' ಅಂತ ಮಾಡಿ, ಮೂರನೇ ಕ್ಲಾಸಿನ ಮಗುವೂ ಓದತ್ತೆ.

ಮೈಸೂರಿನಿಂದ:

ಮೂರನೇ ಕ್ಲಾಸಿನ ಮಗು ಕಸುವು ಓದಿ ಕಸ ಅಂದ್ಕೊಳ್ಳುತ್ತೆ. ಮಹಾಪ್ರಾಣ, ಷ, ಋ ಬಿಟ್ಟು ಬರೆಯೋವರ ಜೊತೆ ಪದದ ಚರ್ಚೆ ನನಗೆ ಬೇಡ.

ಮಿನೆಸೋಟಾದಿಂದ:

ಪದ ಆಮೇಲೆ ನೋಡೋಣ, ಮೊದಲು ಆ ಹೆಡ್ಡಿಂಗು ತೆಗೀರಿ ದಯವಿಟ್ಟು. ಶಕ್ತಿ ಚಕ್ರ ಅನ್ನೋದು ಇಲ್ಲ, ಕಸುವಿನ ಸುತ್ತೂ ಇಲ್ಲ, ಭಾಷೆ ಬದಲಾಯಿಸಿದರೆ ವಿಷಯದ ತಪ್ಪು ಸರಿಹೋಗಲ್ಲ. ಸಾರಜನಕ ಸುತ್ತುತ್ತೆ, ರಂಜಕ ಸುತ್ತುತ್ತೆ, ಇಂಗಾಲ ಸುತ್ತುತ್ತೆ. ಶಕ್ತಿ ಬಿಸಿಲಾಗಿ ಬರುತ್ತೆ, ಒಂದೊಂದು ಜೀವಿ ಉಸಿರಾಡೋವಾಗಲೂ ಶಾಖವಾಗಿ ಹೊರಟು ಹೋಗುತ್ತೆ, ವಾಪಸ್ ಪಾಚಿಗೆ ಬರಲ್ಲ. ನಾನು ಮದ್ದೂರು ಕಡೆಯವನು, ನಮ್ಮ ಕಡೆಯವರಿಗೆ ಹೇಳೋದಾದ್ರೆ ನಾಲೆ ನೀರಿನ ಥರ, ತೂಬಿನ ಹತ್ತಿರ ತುಂಬಿ ಹರಿದಿದ್ದು ಕೊನೇ ಭಾಗದ ಗದ್ದೆಗೆ ಹೋಗೋ ಹೊತ್ತಿಗೆ ಪಾದ ನೆನೆಯೋಷ್ಟು, ಮತ್ತೆ ಅಲ್ಲಿಂದ ಅಣೆಕಟ್ಟೆಗೆ ಹತ್ತಲ್ಲ. ಅದಕ್ಕೇ 'ಹರಿವು' ಅನ್ನಿ.

ಈ ಲೆವೆಲ್ ಲೆಕ್ಕ ಹುಟ್ಟಿದ್ದು ನಾನೀಗ ಇರೋ ರಾಜ್ಯದ ಒಂದು ಸಣ್ಣ ಸರೋವರದಲ್ಲಿ, ಸೀಡರ್ ಬಾಗ್ ಲೇಕ್ ಅಂತ. ರೇಮಂಡ್ ಲಿಂಡೆಮನ್ ಅನ್ನೋ ಹುಡುಗ ಅದರ ಪಾಚಿ, ಹುಳ, ಮೀನು ಎಲ್ಲಾ ಅಳೆದು, ಜೀವಿಗಳನ್ನ ಜಾತಿ ಪ್ರಕಾರ ನೋಡೋದು ಬಿಟ್ಟು ಶಕ್ತಿಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದ. ಅವನ ಲೇಖನವನ್ನ ಪತ್ರಿಕೆಯ ಇಬ್ಬರು ವಿಮರ್ಶಕರು ಬೇಡ ಅಂದಿದ್ರು, ಅವನ ಗುರು ಹಚಿನ್ಸನ್ ಹಟ ಹಿಡಿದಿದ್ದಕ್ಕೆ 1942ರಲ್ಲಿ ಅಚ್ಚಾಯ್ತು, ಅಷ್ಟರಲ್ಲಿ ಅವನು ತೀರಿಕೊಂಡಿದ್ದ, 27 ವರ್ಷ. ಅವನ ಲೆಕ್ಕ ಇದು: ಬಿದ್ದ ಬಿಸಿಲಲ್ಲಿ ಪಾಚಿ-ಗಿಡ ಹಿಡಿದದ್ದು ಶೇಕಡ 0.10, ಪಾಚಿ-ಗಿಡ ಹಿಡಿದದ್ದರಲ್ಲಿ ಅದನ್ನ ತಿಂದವು ಹಿಡಿದದ್ದು ಶೇಕಡ 13.3, ಅದರಲ್ಲಿ ಅವನ್ನ ತಿಂದವು ಹಿಡಿದದ್ದು ಶೇಕಡ 22.3. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ನಿಮ್ಮ ಬೋರ್ಡಲ್ಲೂ 'ಪ್ರತಿ ಹಂತದಲ್ಲಿ ಶೇಕಡ 10 ಮಾತ್ರ' ಅಂತ ಇರುತ್ತೆ ಅಂತ ಊಹೆ. ಅದು ಸುಮಾರು ಸರಾಸರಿ, ನಿಯಮ ಅಲ್ಲ. 'ಸುಮಾರು' ಸೇರಿಸಿ. ಇನ್ನು ಹೆಜ್ಜಾರ್ಲೆ ಬಿಸಿರಕ್ತದ್ದು, ಮೈ ಬೆಚ್ಚಗಿಟ್ಟುಕೊಳ್ಳೋಕೇ ಬಹುಪಾಲು ಉರಿಸಿಬಿಡುತ್ತೆ, ಅರಗಿಸಿಕೊಂಡದ್ದರಲ್ಲಿ ಹೊಸ ಮೈಯಾಗಿ ಉಳಿಯೋದು ನೂರಕ್ಕೆ ಒಂದೆರಡು ಪಾಲು. ಮೀನು ಹಂಗಲ್ಲ. ಹೆಜ್ಜಾರ್ಲೆ ತಿನ್ನೋ ಇನ್ನೊಂದು ಹಕ್ಕಿ ಆ ಊರ ಮೇಲೆ ಯಾಕಿಲ್ಲ ಅಂತ ಮಗು ಕೇಳಿದ್ರೆ ಉತ್ತರ ಇಲ್ಲಿದೆ.

ಮೆಟ್ಟಿಲು ಪರವಾಗಿಲ್ಲ, ಆದರೆ ಮೇಲಿನ ಮೆಟ್ಟಿಲು ಕೆಳಗಿನದಕ್ಕಿಂತ ಕಿರಿದಾಗಿ ಬರೆಸಿ. ಒಂದೇ ಮೀನು ನೀರುಹುಳನೂ ತಿನ್ನುತ್ತೆ ಮರಿಮೀನನ್ನೂ ತಿನ್ನುತ್ತೆ, ಮೀನುಗಾರಿಕೆಯವರು ಅದಕ್ಕೇ ಅದರ ಲೆವೆಲ್ 3.4, 3.7 ಅಂತೆಲ್ಲ ಬರೀತಾರೆ. ಬೋರ್ಡಿಗೆ ಅದು ಬೇಡ.

ಉಡುಪಿಯಿಂದ:

ಎಂಥ ಮಾರಾಯ್ರೇ, ನಮ್ಮಲ್ಲಿ ಒಳ್ಳೆ ಪದ ಉಂಟಲ್ಲ. ಪಂಕ್ತಿ! ಮೊದಲ ಪಂಕ್ತಿ, ಎರಡನೇ ಪಂಕ್ತಿ. ಊಟಕ್ಕೆ ಕೂತವರ ಸಾಲು, ಯಾರಿಗೂ ಅರ್ಥ ಹೇಳಬೇಕು ಅಂತಿಲ್ಲ. ಮೇಲಿನ ಪಂಕ್ತಿಗೆ ಹೋದ ಹಾಗೆ ಬಡಿಸಲಿಕ್ಕೆ ಕಡಿಮೆ ಆಗ್ತದೆ, ಅದೂ ಸರಿ ಕೂರ್ತದೆ.

ಬೆಂಗಳೂರಿನಿಂದ:

ಅದೂ ಸಂಸ್ಕ್ರುತವೇ.

ಮದ್ದೂರಿನಿಂದ:

ಸಂಸ್ಕೃತ ಅನ್ನೋದು ಹಂಗಿರಲಿ ಸಾರ್, ಪಂಕ್ತಿ ಅಂದ್ರೆ ನಮ್ಮಂಥವರಿಗೆ ಮೊದಲು ನೆನಪಾಗೋದು ಪಂಕ್ತಿಭೇದ. ಮಕ್ಕಳ ಬೋರ್ಡಿಗೆ ಬೇಡವೇ ಬೇಡ. ಅದೂ ಅಲ್ಲದೆ ಎರಡನೇ ಪಂಕ್ತಿಯವರು ಮೊದಲ ಪಂಕ್ತಿಯವರನ್ನೇ ತಿನ್ನೋ ಮದುವೆ ಮನೆ ನಾನೆಲ್ಲೂ ನೋಡಿಲ್ಲ.

ಧಾರವಾಡದಿಂದ:

ಅಲ್ರೀ, ಎಲ್ಲಾರೂ ಸ್ತರ ಮೆಟ್ಟಿಲ ಅಂತ ಜಗಳಾಡಾಕತ್ತೀರಿ, 'ವಿಘಟಕರು' ಅನ್ನೋದರಾಗಿನ ರು ಯಾರೂ ನೋಡಲಿಲ್ಲೇನು? ಉತ್ಪಾದಕರು, ಭಕ್ಷಕರು, ವಿಘಟಕರು. ಪಾಚಿ ಮನಶ್ಯಾ ಆತೇನು ಬಹುವಚನಕ್ಕ ರು ಹಚ್ಚಲಿಕ್ಕೆ? ಹಂಗಾದ್ರ ಕ್ರಿಯಾಪದಾನೂ 'ಪಾಚಿಗಳು ಆಹಾರ ತಯಾರಿಸುತ್ತಾರೆ' ಅಂತ ಬರೀಬೇಕಾಗತದ, ಪುಸ್ತಕದಾಗ ಅರ್ಧ ಕಡೆ ಸುತ್ತವೆ, ಅರ್ಧ ಕಡೆ ಸುತ್ತಾರೆ ಬರೋದು ಇದಕ್ಕ. ನಪುಂಸಕಲಿಂಗಕ್ಕ ಗಳು ಐತಿ, ವು ಐತಿ. 'ಕೊಳೆಸುವವು' ಅನ್ರಿ ಸಾಕು. ಇಲ್ಲಾಂದ್ರ ನೇರ ಎರೆಹುಳ, ಅಣಬಿ, ಬ್ಯಾಕ್ಟೀರಿಯಾ ಅಂತ ಹೆಸರ ಬರೀರಿ. ಎರೆಹುಳ ಅಂತ ಯಾಕಂತಾರ ಗೊತ್ತಲ್ಲ, ಎರಿ ಭೂಮಿ, ಎರಿ ಮಣ್ಣು ಅಂದ್ರ ಕರಿ ಮಣ್ಣು, ಅದರಾಗಿರೋ ಹುಳ. ಕೊಳೆಸೋ ಕೆಲಸಾನ ಹೆಸರಿನಾಗ ಐತಿ.

ಮದ್ದೂರಿನಿಂದ:

ಎರೆಹುಳ ಅಂದ್ರೆ ಗಾಳಕ್ಕೆ ಸಿಕ್ಕಿಸೋ ಎರೆ. ನಮ್ಮ ಕಡೆ ಎಲ್ಲಾ ಕೆಂಪು ಮಣ್ಣು, ಎರೆಭೂಮಿ ಹುಡುಕಿದ್ರೂ ಸಿಗಲ್ಲ, ನಾವು ಮಾತ್ರ ಎರೆಹುಳ ಅಂತಲೇ ಅನ್ನೋದು. ಮಲೆನಾಡಲ್ಲೂ ಅಷ್ಟೇ.

ಧಾರವಾಡದಿಂದ:

ನಮ್ಮ ಕಡಿಂದ ನಿಮ್ಮ ಕಡೆ ಹೋಗಿರಬೇಕು.

ಬೆಂಗಳೂರಿನಿಂದ:

ಹುಳ ಹೋಗಿರಲ್ಲ, ಪದ ಹೋಗಿರತ್ತೆ ಅಂತೀರಾ? ತಮಿಳಿನ ಇರೈ ನೋಡಿ, ಹಕ್ಕಿ-ಪ್ರಾಣಿಗಳ ತಿನಿಸು. ತೆಲುಗಿನ ಎರ, ಗಾಳದ ತಿನಿಸು. ಕನ್ನಡದ ಎರೆಯೂ ಅದೇ ಬೇರಿನದು. ಕಿಟ್ಟೆಲರ 1894ರ ಪದನೆರಕೆಯಲ್ಲಿ ಮಣ್ಣಿನ ಎರೆಯೂ ಇದೆ ತಿನಿಸಿನ ಎರೆಯೂ ಇದೆ, ಎರಡೂ ಬೇರೆ ಬೇರೆ. ನೋಡಿದಿರಾ, ಒಂದು ಜೀವಿ ಇನ್ನೊಂದಕ್ಕೆ ತಿನಿಸಾಗೋದಕ್ಕೇ ಕನ್ನಡದಲ್ಲಿ ಪದ ಇದೆ. ಆಹಾರ ಸರಪಳಿ ಬದಲು 'ಎರೆಸಾಲು' ಅನ್ನಬಹುದಿತ್ತು. ನಮ್ಮ ಮನೆ ಅಟ್ಟದ ಮೇಲೆ ಇರೋದನ್ನ ಬಿಟ್ಟು ಪಕ್ಕದ ಮನೆಗೆ ಸಾಲಕ್ಕೆ ಹೋಗೋದು ಇನ್ನೆಶ್ಟು ದಿನ?

ಮೈಸೂರಿನಿಂದ:

ಎರೆಸಾಲು ಅಂದರೆ ಎರೆ ಹೊಲದ ಸಾಲು ಅಂದುಕೊಳ್ತಾರೆ ಧಾರವಾಡದವರು. ಸಾಲ ಸಾಲ ಅಂತೀರಲ್ಲ, ನಿಮ್ಮ ಮೇಲಿನ ಪತ್ರದಲ್ಲೇ 'ಹೆಡ್ಡಿಂಗು' ಇದೆ, 'ಕ್ಲಾಸು' ಇದೆ, ಅದಕ್ಕೆ ಬಡ್ಡಿ ಇಲ್ಲವಾ? ಇಂಗ್ಲಿಷಿಂದ ತಂದರೆ ಬಳಕೆ, ಸಂಸ್ಕೃತದಿಂದ ತಂದರೆ ಹೇರಿಕೆ. ಬೆಳ್ಳಾವೆ ವೆಂಕಟನಾರಣಪ್ಪನವರು ನೂರು ವರ್ಷದ ಹಿಂದೆ ಕನ್ನಡದಲ್ಲಿ ವಿಜ್ಞಾನ ಪತ್ರಿಕೆ ನಡೆಸಿದಾಗ ಸಂಸ್ಕೃತದ ಪದ ಬಿಟ್ಟು ಕೂತಿದ್ದರೆ ಒಂದು ಸಂಚಿಕೆಯೂ ಬರ್ತಿರಲಿಲ್ಲ.

ಬೆಂಗಳೂರಿನಿಂದ:

ಮಂದಿಯ ಬಾಯಲ್ಲಿ ಇರೋ ಕ್ಲಾಸು ಕನ್ನಡ. ಮಂದಿಯ ಬಾಯಲ್ಲಿ ಇಲ್ಲದ ಸ್ತರ ಕನ್ನಡ ಅಲ್ಲ. ಇದರಲ್ಲಿ ತಿಳಿಯದಿರೋಕೆ ಏನಿದೆ?

ಉಡುಪಿಯಿಂದ:

ಹಾಗಾದ್ರೆ ಕಸುವು ಯಾವ ಮಂದಿಯ ಬಾಯಲ್ಲಿ ಉಂಟು? ನಮ್ಮಲ್ಲಿ ದನಕ್ಕೆ ಕಸುವಿಲ್ಲ ಅಂತಾರೆ, ಕರೆಂಟಿಗೆ ಯಾರೂ ಹೇಳುವುದಿಲ್ಲ.

ಮಿನೆಸೋಟಾದಿಂದ:

ದನಕ್ಕೆ ಕಸುವು ಬರೋದು ಹುಲ್ಲಿಂದ, ಹುಲ್ಲಿಗೆ ಬಿಸಿಲಿಂದ, ಹಂಗೆ ನೋಡಿದ್ರೆ ಇವತ್ತಿನ ಚರ್ಚೇಲಿ ವಿಷಯಕ್ಕೆ ಹತ್ತಿರ ಬಂದಿದ್ದು ಅದೊಂದೇ. ಬೋರ್ಡಿನವರು ಗಮನಿಸಿ, ಕೊಳೆಸುವವುಗಳನ್ನ ಚಿತ್ರದ ಕೆಳಗೆ ಮೂಲೇಲಿ ತಳ್ಳಬೇಡಿ. ಪಾಚಿಯೆಲ್ಲಾ ಹುಳದ ಬಾಯಿಗೇ ಹೋಗಲ್ಲ, ತಿನ್ನದೆ ಸತ್ತು ತಳಕ್ಕೆ ಕೂರೋ ಪಾಲು ದೊಡ್ಡದಿರುತ್ತೆ, ಆ ಶಕ್ತಿ ಎಲ್ಲಾ ಕೆಸರಿನ ಬ್ಯಾಕ್ಟೀರಿಯಾಕ್ಕೆ. ಕಾಡಲ್ಲಂತೂ ಉದುರೆಲೆ ದಾರಿಯೇ ಹೆದ್ದಾರಿ, ಜಿಂಕೆ ದಾರಿ ಕಾಲುಹಾದಿ. ಪ್ರತಿ ಮೆಟ್ಟಿಲಿಂದಲೂ ಕೊಳೆಸುವವುಗಳ ಕಡೆ ಒಂದೊಂದು ಬಾಣ ಹಾಕಿ. ಚಕ್ರ ತೋರಿಸಲೇಬೇಕು ಅಂತಿದ್ರೆ ನಿಮ್ಮೂರಲ್ಲೇ ಇದೆಯಲ್ಲ: ಮರದ ಕೆಳಗೆ ಗುಂಡಿ ತೋಡಿ ಕೆರೆ ಗೋಡು ತುಂಬ್ತಾರೆ, ಮೇಲಿಂದ ಹಿಕ್ಕೆ ಬಿದ್ದು ಬಿದ್ದು ಅದು ಗೊಬ್ಬರ ಆಗುತ್ತೆ, ಹೊಲಕ್ಕೆ ಹೋಗುತ್ತೆ. ಕೆರೆ ಮೀನಿನ ಸಾರಜನಕ, ರಂಜಕ ರಾಗಿ ಹೊಲ ಸೇರಿತು. ಅದನ್ನ ಬೇರೆ ಬಣ್ಣದ ಬಾಣದಲ್ಲಿ ಬರೆಸಿ, ಶಕ್ತಿ ಬಾಣ ಕೆಂಪಾದ್ರೆ ಇದು ಹಸಿರು. ಎರಡನ್ನೂ ಒಂದೇ ಬಣ್ಣದಲ್ಲಿ ಬರೆಯೋದ್ರಿಂದಲೇ ಮಕ್ಕಳು ಪರೀಕ್ಷೇಲಿ ಶಕ್ತಿ ಚಕ್ರ ಅಂತ ಬರೀತಾರೆ.

ಕೇಳಿದವರಿಂದ:

ಎಲ್ರಿಗೂ ಥ್ಯಾಂಕ್ಸ್. ಫೈಲ್ ಈಗ ಹೀಗಿದೆ. ಹೆಡ್ಡಿಂಗು: 'ಬಿಸಿಲಿನಿಂದ ಹೆಜ್ಜಾರ್ಲೆಗೆ ಶಕ್ತಿಯ ಹರಿವು'. ಪಕ್ಕದಲ್ಲಿ 'ಆಹಾರದ ಮೆಟ್ಟಿಲು 1, 2, 3...', ಮೊದಲನೇ ಮೆಟ್ಟಿಲಿನ ಕೆಳಗೆ ಮಾತ್ರ ಸಣ್ಣ ಅಕ್ಷರದಲ್ಲಿ 'ಪುಸ್ತಕದಲ್ಲಿ: ಪೋಷಣಾ ಸ್ತರ'. ಉತ್ಪಾದಕರು ತೆಗೆದು 'ಆಹಾರ ತಯಾರಿಸುವವು', ವಿಘಟಕರು ತೆಗೆದು 'ಕೊಳೆಸುವವು'. ಕೆಂಪು ಬಾಣ ಶಕ್ತಿಗೆ, ಹಸಿರು ಬಾಣ ಗೊಬ್ಬರದ ಗುಂಡಿಗೆ, ಶೇಕಡ 10ಕ್ಕೆ 'ಸುಮಾರು' ಸೇರಿಸಿದ್ದೀನಿ. ಎರೆಹುಳ ಅಂತಲೇ ಬರೆದಿದ್ದೀನಿ, ಅರ್ಥ ಬರೆದಿಲ್ಲ.

ಮೈಸೂರಿನಿಂದ:

ಮೆಟ್ಟಿಲು ಅಂತ ಪರೀಕ್ಷೇಲಿ ಬರೆದರೆ ಅಂಕ ಯಾರು ಕೊಡ್ತಾರೆ, ಅದನ್ನೂ ಬೋರ್ಡಲ್ಲೇ ಹಾಕಿಬಿಡಿ.

ಧಾರವಾಡದಿಂದ:

ಎರೆಹುಳದ ವಿಷಯ ಇನ್ನೂ ಮುಗದಿಲ್ಲ. ಬ್ಯಾರೆ ಎಳಿ ತಗೀತೇನಿ, ಅಲ್ಲಿ ಬರ್ರಿ.